ಇನೋವಾ ಇಂಜಿನ್ ಗಟ್ಟಿ ನಿಜ, ಆದರೆ ನೀವು ಕೊಳ್ಳೋದು ಯಾರೋ ಓಡಿಸಿದ ಇನೋವಾ

ಪ್ರಶ್ನೆ: ಸರ್, ನಮಸ್ಕಾರ. ಸೇಡಂನಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಆರು ಮಂದಿ. ಅಪ್ಪನಿಗೆ 71 ವರ್ಷ, ಸೊಂಟ ನೋವು ಇದೆ. ಅವರನ್ನು ತಿಂಗಳಿಗೊಮ್ಮೆ ಹೈದರಾಬಾದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಂಗಡಿ ಕೆಲಸಕ್ಕೆ ವಾರದಲ್ಲಿ ಎರಡು ಮೂರು ಸಲ ಕಲಬುರಗಿಗೆ ಹೋಗುತ್ತೇನೆ. ಈಗಿರುವ ಸಣ್ಣ ಕಾರು ಸಾಲುತ್ತಿಲ್ಲ. ಕಲಬುರಗಿಯ ಬ್ರೋಕರ್ ಒಬ್ಬರು 2014ರ ಇನೋವಾ ಡೀಸೆಲ್ ತೋರಿಸಿದ್ದಾರೆ. ತೆಲಂಗಾಣ ಪಾಸಿಂಗ್, ಮೀಟರಿನಲ್ಲಿ 1.60 ಲಕ್ಷ ಕಿ.ಮೀ., 8 ಲಕ್ಷ ಹೇಳುತ್ತಿದ್ದಾರೆ. ಗೆಳೆಯರು, "ಜಪಾನ್ ಇಂಜಿನ್ ಅದ, ಐದು ಲಕ್ಷ ತನಕ ಬಾನೆಟ್ ತೆಗಿಯೋದೇ ಬ್ಯಾಡ" ಅನ್ನುತ್ತಾರೆ. ಆದರೆ ಹೋದ ಮೇ ತಿಂಗಳಲ್ಲಿ ನನ್ನ ಮಾವನವರ ಇನೋವಾದಲ್ಲೇ ಹೈದರಾಬಾದಿಗೆ ಹೋಗಿ ಬಂದ ಮೇಲೆ ಅಪ್ಪ ಎರಡು ದಿನ ಎದ್ದು ಓಡಾಡಲಿಲ್ಲ. ಅವರು ನಡುವಿನ ಸೀಟಿನಲ್ಲೇ ಕೂತಿದ್ದರು. ಕೊನೆಯ ಸೀಟಿನಲ್ಲಿದ್ದ ಹೆಂಡತಿಗೂ ಮಕ್ಕಳಿಗೂ ದಾರಿಯುದ್ದಕ್ಕೂ ವಾಂತಿ, ಎಸಿ ಗಾಳಿ ಅವರ ತನಕ ತಲುಪಲೇ ಇಲ್ಲ. ಈ ಗಾಡಿ ತೆಗೆದುಕೊಳ್ಳಲೋ, ಇಲ್ಲ ಸಾಲ ಮಾಡಿ ಹೊಸ ಮಾರುತಿ ಎರ್ಟಿಗಾ ತೆಗೆದುಕೊಳ್ಳಲೋ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆಗಳು ಕೂಡಿಕೊಂಡಿವೆ. ಗಾಡಿ ನಡುದಾರಿಯಲ್ಲಿ ಕೈ ಕೊಡುತ್ತಾ ಅನ್ನೋದು ಒಂದು. ಅಪ್ಪನ ಸೊಂಟಕ್ಕೆ ಈ ಗಾಡಿ ಆಗಿಬರುತ್ತಾ ಅನ್ನೋದು ಇನ್ನೊಂದು. ಇವನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಬಾಳಿಕೆ ಬರೋ ಗಾಡಿ ಆರಾಮವಾಗಿಯೂ ಇರುತ್ತದೆ ಅಂತ ಹೇಳೋಕಾಗಲ್ಲ.

ಮೊದಲು "ಜಪಾನ್ ಇಂಜಿನ್" ಅನ್ನೋ ಮಾತು. ಕಲಬುರಗಿಯಲ್ಲಿ ಗ್ಯಾರೇಜ್ ಕೆಲಸ ಮಾಡುವ ನಾನು ಇದನ್ನು ಕೇಳದ ದಿನವೇ ಇಲ್ಲ. ಇದರಲ್ಲಿ ಸತ್ಯವೂ ಇದೆ, ಸುಮ್ನೆ ಸೇರಿಸಿದ್ದೂ ಇದೆ. ಇನೋವಾ ಜಪಾನಿನ ಟೊಯೋಟಾ ಕಂಪನಿಯದು, ಆದರೆ ಅದು ರೂಪುಗೊಂಡಿದ್ದು ನಮ್ಮಂಥ ದೇಶಗಳ ರಸ್ತೆಗೆ, ನಮ್ಮಂಥ ದೊಡ್ಡ ಮನೆಗಳಿಗೆ. 2004ರಲ್ಲಿ ಇಂಡೋನೇಷ್ಯಾದಲ್ಲಿ ಬಂತು. 2005ರಲ್ಲಿ ಕ್ವಾಲಿಸ್ ಜಾಗಕ್ಕೆ ನಮ್ಮಲ್ಲಿ ಬಂತು. ನಮ್ಮ ದೇಶದ ಇನೋವಾಗಳು ತಯಾರಾಗೋದು ಬೆಂಗಳೂರು ಹತ್ತಿರದ ಬಿಡದಿಯಲ್ಲಿ. ಇನ್ನು ಲೋಗೋ ನೋಡಿ ಇಂಜಿನ್ ಅಳೆಯೋಕೆ ಹೋದರೆ ದಾರಿ ತಪ್ಪುತ್ತೇವೆ. ಜಪಾನಿನ ಸುಝುಕಿ ಹೆಸರಿದ್ದ ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಇಂಜಿನ್ ಇಟಲಿಯ ಫಿಯೆಟ್‌ನದು. ನಿಸ್ಸಾನ್ ಟೆರಾನೋ ಒಳಗೆ ಇದ್ದದ್ದು ಫ್ರಾನ್ಸಿನ ರೆನೋ ಡಸ್ಟರ್. ಟೊಯೋಟಾ ಗ್ಲಾಂಝಾ ಅಂದರೆ ಮಾರುತಿ ಬಲೆನೋ. ಇವೆಲ್ಲ ಒಳ್ಳೆಯ ಗಾಡಿಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಳಿಕೆಗೆ ಕಾರಣ ದೇಶದ ಹೆಸರಲ್ಲ.

ಹಾಗಾದರೆ 2014ರ ಇನೋವಾ ಇಂಜಿನ್ ಯಾಕೆ ಬಾಳುತ್ತದೆ? ಆ ಇಂಜಿನ್ 2494 ಸಿಸಿ. ಅಷ್ಟು ದೊಡ್ಡ ಇಂಜಿನ್ ಕೊಡೋದು ಬರೀ 102 ಪಿಎಸ್ ಶಕ್ತಿ. ಈಗಿನ 1500 ಸಿಸಿ ಡೀಸೆಲ್ ಇಂಜಿನ್‌ಗಳೇ 115ರ ಆಸುಪಾಸು ಕೊಡುತ್ತವೆ. ಅಂದರೆ ಇದರ ಮೈಮೇಲೆ ಹೊರೆ ಕಡಿಮೆ. ಬ್ಲಾಕ್ ಎರಕದ ಕಬ್ಬಿಣದ್ದು, ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ. ಸರಿಯಾಗಿ ನೋಡಿಕೊಂಡರೆ 4 ಲಕ್ಷ, 5 ಲಕ್ಷ ಕಿ.ಮೀ. ಓಡೋದರಲ್ಲಿ ಆಶ್ಚರ್ಯ ಏನಿಲ್ಲ. ನಿಮ್ಮ ಗೆಳೆಯರ ಮಾತಿನಲ್ಲಿ ಇಷ್ಟು ನಿಜ.

"ಬಾನೆಟ್ ತೆಗಿಯೋದೇ ಬ್ಯಾಡ" ಅನ್ನೋದು ಮಾತ್ರ ಶುದ್ಧ ಸುಳ್ಳು. ಆ ಸುಳ್ಳನ್ನು ನಂಬಿಯೇ ಜಾಸ್ತಿ ಗಾಡಿಗಳು ಹಾಳಾಗುತ್ತವೆ. ಗಾಡಿ ತಡೆದುಕೊಳ್ಳುತ್ತದೆ ಅಂತ ಗೊತ್ತಿರುವುದರಿಂದಲೇ ಮಂದಿ ಸರ್ವಿಸ್ ಮುಂದೂಡುತ್ತಾರೆ. ಅದು ತಡೆದುಕೊಳ್ಳುತ್ತಲೇ ಮೂರನೇ ಮಾಲೀಕನ ಕೈಗೆ ಬರುತ್ತದೆ. ಖರ್ಚು ಬೀಳೋದು ಆ ಮೂರನೆಯವರಿಗೆ. ಈಗ ಆ ಜಾಗದಲ್ಲಿ ನೀವು ನಿಂತಿದ್ದೀರಿ.

ಈ ಇಂಜಿನ್‌ನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್ ಮತ್ತು ಪಿಸ್ಟನ್ ಒಂದೇ ತಾಳದಲ್ಲಿ ಓಡುವ ಹಾಗೆ ನೋಡಿಕೊಳ್ಳುವ ಬೆಲ್ಟ್. 2016ರಲ್ಲಿ ಬಂದ ಹೊಸ ಮಾದರಿ ಇನೋವಾ ಕ್ರಿಸ್ಟಾದ ಡೀಸೆಲ್ ಇಂಜಿನ್‌ನಲ್ಲಿ ಚೈನ್ ಇದೆ. ಅದಕ್ಕಿಂತ ಹಳೆಯ ಈ 2.5ರಲ್ಲಿ ರಬ್ಬರ್ ಬೆಲ್ಟ್. ಸುಮಾರು 1.50 ಲಕ್ಷ ಕಿ.ಮೀ.ಗೆ ಅದನ್ನು ಬದಲಿಸಬೇಕು. ಮೀಟರಿನಲ್ಲಿ ಅದಕ್ಕಂತಲೇ ಒಂದು ದೀಪ ಹತ್ತುತ್ತದೆ. ಬೆಲ್ಟ್ ಹಾಕದೆ ದೀಪ ಮಾತ್ರ ಆರಿಸಿಕೊಡುವವರೂ ಇದ್ದಾರೆ. ಬೆಲ್ಟ್ ತುಂಡಾದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತದೆ. ಆಮೇಲೆ ಹೆಡ್, ಅಂದರೆ ಇಂಜಿನ್ನಿನ ಮೇಲಿನ ಭಾಗ, ಇಳಿಸದೆ ಗತಿಯಿಲ್ಲ. ನಿಮ್ಮ ಬ್ರೋಕರ್ ತೋರಿಸಿದ ಗಾಡಿ 1.60 ಲಕ್ಷದಲ್ಲಿದೆ. ಬೆಲ್ಟ್ ಹಾಕಿದ ಬಿಲ್ ತೋರಿಸಿ ಅಂತ ಕೇಳಿ. ಬಿಲ್ ಇಲ್ಲದಿದ್ದರೆ ಹಾಕಿಲ್ಲ ಅಂತಲೇ ಲೆಕ್ಕ. ಗಾಡಿ ತಂದ ವಾರದಲ್ಲೇ ಬೆಲ್ಟ್ ಜೊತೆ ಅದನ್ನು ಬಿಗಿಯಾಗಿ ಹಿಡಿಯುವ ಗಾಲಿಗಳಾದ ಟೆನ್ಷನರ್, ಐಡ್ಲರ್ ಎಲ್ಲ ಹಾಕಿಸಬೇಕು. ಕಿ.ಮೀ. ಕಡಿಮೆ ಆಗಿದೆ ಅಂತ ಬಿಡೋ ಹಾಗಿಲ್ಲ, ವರ್ಷ ಕಳೆದರೂ ರಬ್ಬರ್ ಸೀಳುತ್ತದೆ.

ಎರಡನೆಯದು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್. ಅದು ಸಣ್ಣ ವಸ್ತು, ಬೆಲೆಯೂ ಸಣ್ಣದು. ಅದು ಸೋರಿದರೆ ಸಿಲಿಂಡರಿನ ಬಿಸಿ ಗಾಳಿ ಮೇಲೆ ನುಗ್ಗಿ ಆಯಿಲ್‌ಗೆ ಸೇರುತ್ತದೆ. ಆಯಿಲ್ ದಪ್ಪಗಾಗಿ ಮಸಿ ಕಟ್ಟುತ್ತದೆ. ಆ ಮಸಿ ಹೋಗಿ ಆಯಿಲ್ ಪಂಪಿನ ಜಾಲರಿಗೆ ಕೂರುತ್ತದೆ. ಇಂಜಿನ್‌ಗೆ ಆಯಿಲ್ ಏರೋದು ಕಡಿಮೆಯಾದಾಗ ಮೊದಲು ಸವೆಯೋದು ಟರ್ಬೋ, ಆಮೇಲೆ ಬೇರಿಂಗ್‌ಗಳು. ಈ ಸಾಲಿನ ಡೀಸೆಲ್ ಇಂಜಿನ್‌ಗಳ ಗೊತ್ತಿರುವ ದೌರ್ಬಲ್ಯ ಇದು. ಇಂಜೆಕ್ಟರ್ ಬಿಚ್ಚಿದಾಗಲೆಲ್ಲ ಹೊಸ ವಾಷರ್ ಹಾಕಿಸಿದರೆ, ಒಮ್ಮೆ ಆಯಿಲ್ ಪ್ಯಾನ್ ಇಳಿಸಿ ಜಾಲರಿ ತೊಳೆಸಿದರೆ ಭಯ ತೀರಿತು. ಇಂಜೆಕ್ಟರ್‌ಗಳೇ ಹೋಗಿದ್ದರೆ ಬೇರೆ ಮಾತು. ನಾಲ್ಕೂ ಹೊಸದು ಹಾಕಬೇಕಾಗಿ ಬಂದರೆ ಖರ್ಚು ಅರ್ಧ ಲಕ್ಷ ದಾಟುತ್ತದೆ.

ಮೂರನೆಯದು ನಮ್ಮ ಕಡೆಯದೇ ತೊಂದರೆ: ನೀರು. ಸೇಡಂ, ಶಹಾಬಾದ್, ವಾಡಿ, ಮಳಖೇಡ ಎಲ್ಲ ಸುಣ್ಣಕಲ್ಲಿನ ನೆಲ. ಸಿಮೆಂಟ್ ಫ್ಯಾಕ್ಟರಿಗಳು ಇಲ್ಲಿಗೆ ಬಂದಿದ್ದೇ ಅದಕ್ಕಾಗಿ ಅಲ್ವಾ. ಇಲ್ಲಿನ ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಹಾಕಿದರೆ ಏನಾಗುತ್ತದೆ ಅಂತ ಒಮ್ಮೆ ಕಣ್ಣಾರೆ ನೋಡಬೇಕು. ಶಹಾಬಾದ್ ಕಡೆಯಿಂದ ಒಂದು ಗಾಡಿ ಬಂದಿತ್ತು, ಇಂಜಿನ್ ಬಿಸಿಯಾಗುತ್ತದೆ ಅಂತ ದೂರು. ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದೆ. ಕ್ಯಾಪಿನ ಒಳಗೆ, ಬಾಯಿಯ ಸುತ್ತ ಬಿಳಿ ಪದರ. ಉಗುರಿನಿಂದ ಕೆರೆದರೆ ಪುಡಿ ಪುಡಿಯಾಗಿ ಉದುರಿತು. ಟ್ಯಾಂಕ್ ಬಿಚ್ಚಿ ನೋಡಿದರೆ ಒಳಗಿನ ಕೊಳವೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟಿಹೋಗಿದ್ದವು. ನೀರು ಕಡಿಮೆ ಅನ್ನಿಸಿದಾಗೆಲ್ಲ ಡ್ರೈವರ್ ಹೊಲದ ಪಂಪಿನಿಂದ ಬಾಟಲಿ ತುಂಬಿ ಹಾಕುತ್ತಿದ್ದನಂತೆ. ಅಲ್ಲಿ ಯಾವ ದೇಶದ ಇಂಜಿನ್ ಇದ್ದರೂ ಹಣೆಬರಹ ಅದೇ. ಹೊರಗೆ 42, 43 ಡಿಗ್ರಿ ಬಿಸಿಲು, ಒಳಗೆ ಸುಣ್ಣ ಕಟ್ಟಿದ ರೇಡಿಯೇಟರ್, ಹೆಡ್ ಗ್ಯಾಸ್ಕೆಟ್ ಎಷ್ಟು ದಿನ ತಡೆದೀತು? ನೀವು ನೋಡುವ ಗಾಡಿಯ ಕ್ಯಾಪ್ ತೆಗೆಸಿ, ಇಂಜಿನ್ ತಣ್ಣಗಿರುವಾಗ ಮಾತ್ರ. ಗುಲಾಬಿ ಅಥವಾ ಕೆಂಪು ಬಣ್ಣದ ಕೂಲಂಟ್ ಕಂಡರೆ ಒಳ್ಳೆಯ ಲಕ್ಷಣ. ಬಣ್ಣಗೆಟ್ಟ ನೀರು, ತುಕ್ಕು, ಬಿಳಿ ಪದರ ಕಂಡರೆ ಬೆಲೆ ಮಾತಾಡೋದನ್ನು ಅಲ್ಲೇ ನಿಲ್ಲಿಸಿ.

ಈಗ ಮೀಟರ್. 2014ರ ಗಾಡಿ 1.60 ಲಕ್ಷ ಅಂದರೆ ವರ್ಷಕ್ಕೆ ಸರಾಸರಿ 14 ಸಾವಿರದ ಆಸುಪಾಸು. ಮನೆಯಲ್ಲಿ ಬಳಸಿದ ಗಾಡಿಗೆ ಈ ಲೆಕ್ಕ ಕೂಡುತ್ತದೆ. ಟ್ರಾವೆಲ್ಸ್‌ನಲ್ಲಿ ಓಡಿದ ಗಾಡಿಗೆ ಕೂಡೋದೇ ಇಲ್ಲ, ಅವು ವರ್ಷಕ್ಕೆ ಅರ್ಧ ಲಕ್ಷ ಸಲೀಸಾಗಿ ಓಡುತ್ತವೆ. ಆದ್ದರಿಂದ ಮೊದಲು ತಿಳಿಯಬೇಕಾದ್ದು, ಇದು ಯಾವಾಗಲಾದರೂ ಹಳದಿ ಬೋರ್ಡ್ ಆಗಿತ್ತಾ ಅನ್ನೋದು. ಆರ್‌ಸಿಯಲ್ಲಿ ಎಷ್ಟನೇ ಮಾಲೀಕರು ಅಂತ ನೋಡಿ. ಗಾಡಿ ನಂಬರ್ ಹಿಡಿದುಕೊಂಡು ಕಂಪನಿ ಶೋರೂಮಿಗೆ ಹೋಗಿ ಸರ್ವಿಸ್ ಹಿಸ್ಟರಿ ಕೇಳಿ. ಮಾಲೀಕರ ಒಪ್ಪಿಗೆ ಬೇಕು ಅಂದರೆ ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಯಾವ ದಿನ ಎಷ್ಟು ಕಿ.ಮೀ. ಇತ್ತು ಅನ್ನೋದು ಅಲ್ಲಿ ಸಾಲಾಗಿ ಸಿಗುತ್ತದೆ. 2019ರಲ್ಲೇ 1.90 ಲಕ್ಷ ಬರೆದಿದ್ದರೆ ಬ್ರೋಕರ್ ಜೊತೆ ವಾದ ಮಾಡೋ ಅಗತ್ಯವೂ ಇಲ್ಲ. ಹಿಸ್ಟರಿ ನಡುವೆ ನಿಂತುಹೋಗಿದ್ದರೆ ಆಮೇಲೆ ಎಲ್ಲಿ ಸರ್ವಿಸ್ ಆಗಿದೆ ಅಂತ ಕೇಳಿ. ಹೊರಗಿನ ಗ್ಯಾರೇಜಿನಲ್ಲಿ ಆಗಿದ್ದರೆ ತಪ್ಪೇನಿಲ್ಲ, ಬಿಲ್ ಇರಲಿ ಅಷ್ಟೇ. ಕ್ಲಚ್ ಪೆಡಲಿನ ರಬ್ಬರ್, ಸ್ಟೇರಿಂಗ್ ಮೇಲಿನ ಹಿಡಿ, ಡ್ರೈವರ್ ಸೀಟಿನ ಬಲ ಅಂಚು ಇವೂ ಕಥೆ ಹೇಳುತ್ತವೆ. ಹೊಸ ಸೀಟ್ ಕವರ್ ಹಾಕಿದ್ದರೆ ಅದರ ಕೆಳಗೆ ಕೈ ಹಾಕಿ ನೋಡಿ.

ಗಾಡಿ ನೋಡೋಕೆ ಬೆಳಿಗ್ಗೆಯೇ ಹೋಗಿ. ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿರಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನಿಮಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿ ಹೊಗೆ ಬಿಟ್ಟಿದ್ದಾರೆ ಅಂತ ತಿಳಿಯಿರಿ. ತಣ್ಣಗಿದ್ದರೆ ಕೀಲಿ ತಿರುಗಿಸಿ, ಗ್ಲೋ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿ. ಹೆಚ್ಚು ಎಳೆಯದೆ ಹತ್ತಬೇಕು. ಮೊದಲ ನಿಮಿಷ ಇಂಜಿನ್ ಒಂದೇ ಸಮನೆ ನಿಲ್ಲದೆ ನಡುಗಿದರೆ, ಬಿಳಿ ಹೊಗೆ ಬಂದರೆ ಇಂಜೆಕ್ಟರ್ ಮೇಲೆ ಅನುಮಾನ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಆಮೇಲೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಬಾಯಿಯ ಮೇಲೆಯೇ ಸಡಿಲವಾಗಿ ಇಡಿ. ಅದು ಜೋರಾಗಿ ಕುಣಿದರೆ, ಬಾಯಿಯಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು, ವಾಷರ್ ಸೋರುತ್ತಿರಬಹುದು. ಇದನ್ನೆಲ್ಲ ನೋಡೋಕೆ ನಿಮಗೆ ನಂಬಿಕೆಯ ಮೆಕ್ಯಾನಿಕ್ ಜೊತೆಗಿರಲಿ. ಬ್ರೋಕರ್ ಕರೆತಂದ ಮೆಕ್ಯಾನಿಕ್ ಬೇಡ.

ಕಾಗದಪತ್ರದ ಖರ್ಚನ್ನು ಮರೆಯಬೇಡಿ. ತೆಲಂಗಾಣ ಪಾಸಿಂಗ್ ಗಾಡಿ ಅಂದರೆ ಅಲ್ಲಿನ ಆರ್‌ಟಿಓ ಎನ್ಓಸಿ, ಅಂದರೆ ನಮ್ಮ ಆಕ್ಷೇಪಣೆ ಇಲ್ಲ ಅನ್ನೋ ಪತ್ರ, ಬೇಕು. ಬಾಕಿ ಚಲನ್, ಬ್ಯಾಂಕ್ ಸಾಲ ತೀರಿದ ದಾಖಲೆ ಬೇಕು. ಇಲ್ಲಿ ಕರ್ನಾಟಕದ ತೆರಿಗೆ ಕಟ್ಟಿ ಕೆಎ 32 ನಂಬರ್ ಮಾಡಿಸಬೇಕು. ಆ ತೆರಿಗೆ ಸಣ್ಣ ಮೊತ್ತವಲ್ಲ. ಕಲಬುರಗಿ ಆರ್‌ಟಿಓದಲ್ಲಿ ಮೊದಲೇ ಲೆಕ್ಕ ಕೇಳಿಕೊಂಡು 8 ಲಕ್ಷಕ್ಕೆ ಕೂಡಿಸಿ. ಅಡ್ವಾನ್ಸ್ ಕೊಡೋದು ಎನ್ಓಸಿ ನೋಡಿದ ಮೇಲೆಯೇ. 2014ರ ಗಾಡಿಯ ನೋಂದಣಿ 15 ವರ್ಷಕ್ಕೆ, ಅಂದರೆ 2029ಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಇನ್ನು ನಿಮ್ಮ ತಂದೆಯವರ ವಿಷಯ. ನನಗೆ ಇದೇ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ನೀವು ಗಾಡಿ ತೆಗೆದುಕೊಳ್ಳುತ್ತಿರೋದೇ ಅವರಿಗಾಗಿ.

ಹಳೆಯ ಇನೋವಾ ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿ. ಹಿಂದೆ ಕಾಯಿಲ್ ಸ್ಪ್ರಿಂಗ್ ಇದೆ, ಆದರೆ ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆಕ್ಸಲ್. ಎಡಗಡೆ ಚಕ್ರ ಗುಂಡಿಗೆ ಬಿದ್ದರೆ ಬಲಗಡೆಗೂ ಅಲುಗುತ್ತದೆ. ಸ್ಪ್ರಿಂಗ್‌ಗಳನ್ನು ಏಳೆಂಟು ಮಂದಿ ಮತ್ತು ಸಾಮಾನು ಹೊರುವ ಲೆಕ್ಕಕ್ಕೆ ಮಾಡಿರುತ್ತಾರೆ. ಅದಕ್ಕೇ ತುಂಬಿದಾಗ ತೂಗಿಕೊಂಡು ಹೋಗುವ ಇನೋವಾ, ಒಬ್ಬರಿಬ್ಬರೇ ಕೂತಾಗ ಸ್ವಲ್ಪ ಗಡಸು ಅನ್ನಿಸುತ್ತದೆ. ಹಾಗಿದ್ದರೂ ನಡುವಿನ ಸೀಟು ಈ ಗಾಡಿಯ ಒಳ್ಳೆಯ ಜಾಗ. ಅಲ್ಲಿ ಕೂತವರು ಎರಡು ದಿನ ಏಳದಷ್ಟು ನೋವು ತಿಂದರು ಅಂದರೆ ಮಾವನವರ ಗಾಡಿಯಲ್ಲಿ ಏನೋ ಕೆಟ್ಟಿದೆ ಅಂತ ನನ್ನ ಅನುಮಾನ.

ಮೊದಲ ಅನುಮಾನ ಟೈರ್ ಗಾಳಿ. ಪಂಕ್ಚರ್ ಅಂಗಡಿಯಲ್ಲಿ "ಲೋಡ್ ಗಾಡಿ ಅದ" ಅಂತ 40, 45 ತುಂಬಿ ಕಳಿಸುತ್ತಾರೆ. ಆಗ ಸಣ್ಣ ಕಲ್ಲೂ ಸೊಂಟಕ್ಕೆ ತಟ್ಟುತ್ತದೆ. ಎಷ್ಟು ಗಾಳಿ ಬೇಕು ಅಂತ ಡ್ರೈವರ್ ಬಾಗಿಲ ಪಕ್ಕದ ಕಂಬದ ಮೇಲಿನ ಸ್ಟಿಕರ್‌ನಲ್ಲೇ ಬರೆದಿರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಷ್ಟೇ ತುಂಬಿಸಬೇಕು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆ ನಮ್ಮಲ್ಲಿದೆ, ಬೇಸಿಗೆಯಲ್ಲಿ ಗಾಳಿ ಕಡಿಮೆ ಇಟ್ಟರೆ ಟೈರ್ ಒಡೆಯಲ್ಲ ಅಂತ. ಅದು ಅಪಾಯ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕ ಜಾಸ್ತಿ ಬಾಗುತ್ತದೆ, ಬಾಗಿ ಬಾಗಿ ಬಿಸಿಯಾಗುತ್ತದೆ, ಒಡೆಯೋದು ಆಗಲೇ. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೆಯದು ಶಾಕ್ ಅಬ್ಸಾರ್ಬರ್ ಮತ್ತು ಬುಷ್, ಅಂದರೆ ಜೋಡಣೆಗಳಲ್ಲಿ ಕೂರುವ ರಬ್ಬರ್. ಶಾಕ್ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿದ್ದರೆ ಅದು ಮುಗಿದಿದೆ. ಸ್ಪೀಡ್ ಬ್ರೇಕರ್ ದಾಟಿದ ಮೇಲೆ ಗಾಡಿ ಎರಡು ಮೂರು ಸಲ ಕುಣಿದರೂ ಅದೇ ಅರ್ಥ. ಈ ಕುಣಿತ ಸೊಂಟಕ್ಕೂ ಕೆಟ್ಟದ್ದು, ಕೊನೆಯ ಸೀಟಿನವರ ಹೊಟ್ಟೆಗೂ ಕೆಟ್ಟದ್ದು. ಆ ಸೀಟು ಹಿಂದಿನ ಆಕ್ಸಲ್ ಮೇಲೆಯೇ ಇರುತ್ತದೆ, ಅಲ್ಲಿಂದ ಮುಂದಿನ ರಸ್ತೆ ಕಾಣಲ್ಲ, ಗಾಡಿ ಎತ್ತರ ಇರೋದರಿಂದ ತಿರುವಿನಲ್ಲಿ ವಾಲುತ್ತದೆ. ಡ್ರೈವರ್ ಜೋರಾಗಿ ಓವರ್‌ಟೇಕ್ ಮಾಡುತ್ತಾ ಹೋದರೆ ಗಟ್ಟಿ ಆಳಿಗೂ ವಾಂತಿ ಬರುತ್ತದೆ. ವಾಂತಿಯಾಗುವವರನ್ನು ಮುಂದೆ ಅಥವಾ ನಡುವೆ ಕೂರಿಸಿ. ಡ್ಯಾಶ್‌ಬೋರ್ಡ್ ಮೇಲೆ ಸೆಂಟಿನ ಬಾಟಲಿ ಇದ್ದರೆ ತೆಗೆದಿಡಿ, ಬಿಸಿಲಿಗೆ ಆ ವಾಸನೆ ಎರಡರಷ್ಟಾಗಿ ಅದೇ ವಾಂತಿ ತರಿಸುತ್ತದೆ.

ಎಸಿ ಬಗ್ಗೆ. ಇನೋವಾದಲ್ಲಿ ಹಿಂದಿನವರಿಗೆ ಬೇರೆ ಬ್ಲೋವರ್, ಮೇಲೆ ಛಾವಣಿಯಲ್ಲಿ ಗಾಳಿ ಬರುವ ಕಿಂಡಿಗಳಿವೆ. ಅದು ಸರಿಯಿದ್ದರೆ ನಮ್ಮ ಮೇ ತಿಂಗಳನ್ನೂ ತಡೆಯುತ್ತದೆ. ತಂಪಾಗದಿದ್ದರೆ ಎಲ್ಲರೂ ಹೇಳೋದು, "ಗ್ಯಾಸ್ ಖಾಲಿ ಆಗ್ಯಾದ, ತುಂಬಿಸ್ರಿ." ಎಸಿ ಗ್ಯಾಸ್ ಡೀಸೆಲ್ ಥರ ಖರ್ಚಾಗೋದಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರೋದನ್ನು ಹುಡುಕದೆ ತುಂಬಿಸುತ್ತಾ ಹೋದರೆ ಪ್ರತಿ ಬೇಸಿಗೆಗೂ ದುಡ್ಡು ಕೊಡುತ್ತಲೇ ಇರಬೇಕು. ಆದರೆ ಸೇಡಂ ಕಡೆಯ ಗಾಡಿಗಳಲ್ಲಿ ಗ್ಯಾಸಿಗಿಂತ ಧೂಳಿನ ತೊಂದರೆಯೇ ಹೆಚ್ಚು. ರೇಡಿಯೇಟರ್ ಮುಂದಿನ ಕಂಡೆನ್ಸರ್‌ನ ಸಣ್ಣ ರೆಕ್ಕೆಗಳ ನಡುವೆ ಸಿಮೆಂಟ್ ಧೂಳು ಸೇರಿ, ಮಳೆಯಲ್ಲಿ ನೆನೆದು ಗಟ್ಟಿಯಾಗುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಜೋರು ಪ್ರೆಷರ್ ಹಿಡಿದರೆ ರೆಕ್ಕೆ ಮಡಚಿಹೋಗುತ್ತವೆ. ಗಾಡಿ ಬಿಸಿಲಲ್ಲಿ ನಿಂತಿದ್ದರೆ ಮೊದಲು ಗಾಜು ಇಳಿಸಿ ಬಿಸಿ ಗಾಳಿ ಹೊರಗೆ ಬಿಡಿ, ಆಮೇಲೆ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ.

ಈಗ ನಿಮ್ಮ ಮುಂದಿರುವ ದಾರಿಗಳು. ಹೊಸ ಎರ್ಟಿಗಾ ಆದರೂ ಸರಿ, ಅದೇ ಗಾಡಿ ಟೊಯೋಟಾ ಹೆಸರಿನಲ್ಲಿ ಬರುವ ರೂಮಿಯಾನ್ ಆದರೂ ಸರಿ, 1462 ಸಿಸಿ ಪೆಟ್ರೋಲ್ ಇಂಜಿನ್. ಚಾಸಿ ಬೇರೆ ಇಲ್ಲ, ಬಾಡಿಯೇ ಚಾಸಿ. ಎತ್ತರ ಕಡಿಮೆ, ಹತ್ತಿ ಇಳಿಯೋದು ನಿಮ್ಮ ತಂದೆಯವರಿಗೆ ಸುಲಭ. ವಾಲೋದೂ ಕಡಿಮೆ. ಆದರೆ ಆರು ಮಂದಿ ಕೂತರೆ ಕೊನೆಯ ಸೀಟಿನಲ್ಲಿ ಮಕ್ಕಳಷ್ಟೇ ಆರಾಮ, ಸಾಮಾನಿಗೆ ಜಾಗ ಉಳಿಯೋದೂ ಸ್ವಲ್ಪವೇ. ತುಂಬಿದ ಗಾಡಿಯಲ್ಲಿ ಎಸಿ ಹಾಕಿ ಓವರ್‌ಟೇಕ್ ಮಾಡುವಾಗ ಇನೋವಾ ಎಳೆಯುವ ಹಾಗೆ ಎಳೆಯಲ್ಲ. ನೀವು ಹೇಳಿದ ಓಡಾಟ ನೋಡಿದರೆ ತಿಂಗಳಿಗೆ 1500 ಕಿ.ಮೀ. ಆಸುಪಾಸು ಆಗುತ್ತದೆ. ಹಳೆಯ ಇನೋವಾ ಲೀಟರಿಗೆ 11ರಿಂದ 13 ಕೊಡುತ್ತದೆ, ಎರ್ಟಿಗಾ ಅದಕ್ಕಿಂತ ಜಾಸ್ತಿ ಕೊಡುತ್ತದೆ, ಆದರೆ ಪೆಟ್ರೋಲ್ ಬೆಲೆ ಹೆಚ್ಚು. ಹಾಗಾಗಿ ಇಂಧನದ ಖರ್ಚಿನಲ್ಲಿ ನೀವು ಅಂದುಕೊಂಡಷ್ಟು ಅಂತರ ಬರಲ್ಲ. ಒಂದು ಕಡೆ ತಿಂಗಳ ಕಂತು, ಇನ್ನೊಂದು ಕಡೆ ಯಾವಾಗ ಬರುತ್ತದೋ ಗೊತ್ತಿಲ್ಲದ ರಿಪೇರಿ. ತೂಗಿ ನೋಡಬೇಕಾದ್ದು ಇವೆರಡನ್ನೇ. ಕ್ರಿಸ್ಟಾ ನಿಮ್ಮ 8 ಲಕ್ಷಕ್ಕೆ ಸಿಕ್ಕಿದರೆ ತುಂಬಾ ಓಡಿದ ಗಾಡಿಯೇ ಆಗಿರುತ್ತದೆ, ಆ ಆಸೆ ಈಗ ಬೇಡ.

ನನ್ನ ಅಭಿಪ್ರಾಯ ಹೀಗಿದೆ. ಈ ಇನೋವಾದ ಹಿಸ್ಟರಿ ಮೀಟರಿಗೆ ಕೂಡಿಬಂದರೆ, ಬೆಳಗಿನ ಸ್ಟಾರ್ಟ್ ಚೆನ್ನಾಗಿದ್ದರೆ, ಕೂಲಂಟ್ ಶುದ್ಧ ಇದ್ದರೆ ತೆಗೆದುಕೊಳ್ಳಿ. ಬೆಲ್ಟ್ ಬಿಲ್ ಇಲ್ಲದಿದ್ದರೆ ಅದರ ಖರ್ಚು ಬೆಲೆಯಲ್ಲಿ ಕಳೆಯಿರಿ. ಕೊಂಡ ಮೇಲೆ ಬೆಲ್ಟ್, ವಾಷರ್, ಶಾಕ್, ಬುಷ್ ಕೆಲಸಕ್ಕೆ ಅಂತ 1 ಲಕ್ಷ ಕೈಯಲ್ಲಿ ಇಟ್ಟುಕೊಂಡೇ ಮುಂದೆ ಹೆಜ್ಜೆ ಇಡಿ. ಆಯಿಲ್ ನಮ್ಮ ಧೂಳಿಗೆ 7,500 ಕಿ.ಮೀ.ಗೆ ಬದಲಿಸಿ, 10 ಸಾವಿರದ ತನಕ ಕಾಯಬೇಡಿ. ಆ 1 ಲಕ್ಷ ಹೊಂದಿಸೋದು ಕಷ್ಟ ಅಂದರೆ, ಅಥವಾ ಹಿಸ್ಟರಿಯಲ್ಲಿ ಒಂದು ಸಂಶಯ ಉಳಿದರೂ, ಸಾಲ ಮಾಡಿ ಹೊಸದು ತೆಗೆದುಕೊಳ್ಳೋದೇ ನಿಮ್ಮ ಮನೆಗೆ ಮೇಲು. ಆಸ್ಪತ್ರೆಗೆ ಹೋಗುವ ಗಾಡಿ ಕೊಡಂಗಲ್ ದಾಟಿ ಎಲ್ಲೋ ನಿಂತರೆ ಕಷ್ಟ ಪಡುವವರು ನಿಮ್ಮ ತಂದೆ.

ಬೆಲೆ ಮಾತಾಡುವ ಮುಂಚೆ ಒಂದು ಕೆಲಸ ಮಾಡಿ. ಟೈರ್ ಗಾಳಿ ಸ್ಟಿಕರ್‌ನಲ್ಲಿದ್ದಷ್ಟೇ ಇಟ್ಟು, ಅದೇ ಗಾಡಿಯಲ್ಲಿ ತಂದೆಯವರನ್ನು ನಡುವಿನ ಸೀಟಿನಲ್ಲಿ ಕೂರಿಸಿ, ಸೊಂಟಕ್ಕೆ ಸಣ್ಣ ದಿಂಬು ಕೊಟ್ಟು, ಕಲಬುರಗಿಯಿಂದ ಮಳಖೇಡದ ತನಕ ಹೋಗಿ ಬನ್ನಿ. ಎರ್ಟಿಗಾ ಟೆಸ್ಟ್ ಡ್ರೈವಿಗೂ ಅವರನ್ನೇ ಕರೆದುಕೊಂಡು ಹೋಗಿ, ಆದರೆ ಬೇರೆ ದಿನ. ಒಂದೇ ದಿನ ಎರಡರಲ್ಲೂ ಕೂರಿಸಿದರೆ ಯಾವುದರಿಂದ ನೋವು ಬಂತು ಅಂತ ಅವರಿಗೂ ಗೊತ್ತಾಗಲ್ಲ. ಮರುದಿನ ಬೆಳಿಗ್ಗೆ ಎದ್ದಾಗ ಸೊಂಟ ಹೇಗಿದೆ ಅಂತ ಕೇಳಿ, ಆಮೇಲೆ ಬ್ರೋಕರ್‌ಗೆ ಫೋನ್ ಮಾಡಿ. ಅಷ್ಟು ದೂರ ಓಡಿಸೋಕೆ ಕೊಡಲ್ಲ ಅಂದರೆ ಆ ಗಾಡಿ ಬಿಟ್ಟುಬಿಡಿ. ಕಲಬುರಗಿಯಲ್ಲಿ ಮಾರಾಟಕ್ಕಿರುವ ಇನೋವಾ ಅದೊಂದೇ ಅಲ್ಲ.